ಶ್ರೀರಂಗಪಟ್ಟಣದ ಹೊಳೆದಂಡೆ: ಅರ್ಧ ದಿನ ಇದ್ದರೆ ಯಾವ ಜಾಗಕ್ಕೆ ಹೋಗಬೇಕು?

ಶ್ರೀರಂಗಪಟ್ಟಣಕ್ಕೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿ. ರಂಗನಾಥ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಹೊಳೆ ಎಲ್ಲಿ ನೋಡಿದಿರಿ ಅಂದರೆ ಮಾತ್ರ ಸ್ವಲ್ಪ ತಡವರಿಸುತ್ತಾರೆ. ಸುತ್ತಲೂ ಕಾವೇರಿಯೇ ಇರುವ ದ್ವೀಪ ಅದು. ಆದರೂ ಕಾರಿನಲ್ಲಿ ಐದು ಜಾಗ ಸುತ್ತುವವರಿಗೆ ಹೊಳೆ ಕಾಣುವುದು ಸೇತುವೆ ದಾಟುವಾಗ ಮಾತ್ರ.

ಈ ಬರಹ ಐದು ಜಾಗ ಸುತ್ತುವವರಿಗಲ್ಲ. ಒಂದು ಸಣ್ಣ ಜಾಗ ಸಾಕು, ಅಲ್ಲಿ ನೀರು ಕಾಣಬೇಕು, ನೆರಳಿರಬೇಕು, ಜೊತೆಗೆ ನೋಡಲು ಹಳೆಯದೊಂದು ಕಟ್ಟಡವೋ ಕಂಬವೋ ಇರಬೇಕು ಅನ್ನುವವರಿಗೆ. ಅಂಥ ಜಾಗ ಈ ಊರಿನಲ್ಲಿ ಹಲವಿವೆ. ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ಹೆಸರು ಎಷ್ಟು ದೊಡ್ಡದು ಅಂತ ನೋಡಬೇಡಿ. ಹೊಳೆಯಲ್ಲಿ ಎಷ್ಟು ನೀರಿದೆ, ನೀವು ಹೋಗುವುದು ಎಷ್ಟು ಹೊತ್ತಿಗೆ, ಈ ಎರಡನ್ನು ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಮೊದಲು ಕೆಆರ್‌ಎಸ್ ಮಟ್ಟ ನೋಡಿ

ಪಟ್ಟಣದ ಹೊಳೆ ಈಗ ತನ್ನಷ್ಟಕ್ಕೆ ಹರಿಯುವ ಹೊಳೆಯಲ್ಲ. ಮೇಲೆ ಸ್ವಲ್ಪ ದೂರದಲ್ಲೇ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ಇದೆ. ಅಲ್ಲಿಂದ ಬಿಟ್ಟಷ್ಟು ನೀರು ಇಲ್ಲಿಗೆ ಬರುತ್ತದೆ. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಒಳಹರಿವು, ಹೊರಹರಿವು ಎರಡೂ ಬರುತ್ತವೆ. ನೀವು ನೋಡಬೇಕಾದ್ದು ಹೊರಹರಿವು. ಕಟ್ಟೆ ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡುತ್ತಾರೆ. ಆ ದಿನಗಳಲ್ಲಿ ಹೊಳೆ ಕೆಂಪಗೆ, ದಂಡೆ ತುಂಬಿ ಬರುತ್ತದೆ. ನೋಡಲು ಚೆಂದ ಅನ್ನುವುದು ನಿಜ. ಆದರೆ ಮೆಟ್ಟಿಲು ಮುಳುಗುತ್ತವೆ, ತೆಪ್ಪ ನಿಲ್ಲುತ್ತದೆ, ತಗ್ಗಿನ ಜಾಗಗಳಿಗೆ ಪೊಲೀಸರು ಬಿಡದಿರುವುದೂ ಉಂಟು.

ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಎತ್ತರದಿಂದ ಹೊಳೆ ಕಾಣುವ ಜಾಗವನ್ನೇ ಆರಿಸಿಕೊಳ್ಳಬೇಕು. ಕೋಟೆಗೋಡೆಯ ಮೇಲಿನ ಜಾಗ ಇದಕ್ಕೆ ಸರಿ. ಫೆಬ್ರವರಿಯಿಂದ ಮೇವರೆಗೆ ನೀರು ಇಳಿದು ಬಂಡೆಗಳು ಎದ್ದಿರುತ್ತವೆ. ಆಗ ಸೇತುವೆ ಬುಡ, ಸಂಗಮದ ಮೆಟ್ಟಿಲು ಎಲ್ಲ ಸಲೀಸು. ಬಹಳ ಜನ ಬೇಸಿಗೆಯಲ್ಲಿ ಏನಿದೆ ನೋಡೋಕೆ ಅಂತಾರೆ. ನನ್ನ ಲೆಕ್ಕದಲ್ಲಿ ಈ ಊರಿನ ಚರಿತ್ರೆ ಅರ್ಥವಾಗುವುದು ಬೇಸಿಗೆಯಲ್ಲೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು, ಇದು ಎಲ್ಲ ಕಾಲಕ್ಕೂ. ನೀರಿಗೆ ಇಳಿಯಬೇಡಿ. ಮೇಲೆ ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನು ನೋಡಲು ದುಡ್ಡು ಕೊಟ್ಟು ದೋಣಿ ಹತ್ತುತ್ತೇವೆ. ಅದೇ ಹೊಳೆ ಇದು. ಮೊಸಳೆ ಬಿಡಿ, ಬಂಡೆಗಳ ನಡುವಿನ ಮಡು ಎಷ್ಟು ಆಳ ಅಂತ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಈಜು ಬಲ್ಲವರೂ ಮುಳುಗಿದ ಸುದ್ದಿ ಓದುತ್ತಲೇ ಇರುತ್ತೇವೆ.

ಕೋಟೆಯ ಮೂಲೆ: ನನ್ನ ಮೊದಲ ಆಯ್ಕೆ

ಕೋಟೆಯ ಪಡುವಣ ಗೋಡೆಯ ವಾಯವ್ಯ ಮೂಲೆಯ ಹತ್ತಿರ ಒಂದು ಎತ್ತರದ ಕಲ್ಲುಕಂಬವಿದೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಗೋಡೆ ಒಡೆದು ನುಗ್ಗಿದ್ದು ಈ ಭಾಗದಲ್ಲಿ. ಕಂಬವನ್ನು 1907ರಲ್ಲಿ ನಿಲ್ಲಿಸಿದ್ದು ಇಂಗ್ಲಿಷರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರು ಅದರಲ್ಲಿದೆ. ಗೋಡೆಯ ಒಳಗೆ ನಿಂತು ಸತ್ತವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಈ ಜಾಗವನ್ನು ಮೊದಲಿಗೆ ಇಡಲು ಕಾರಣ ಕಂಬ ಅಲ್ಲ. ಅಲ್ಲಿಂದ ಕಾಣುವ ಹೊಳೆ. ಮೇ ತಿಂಗಳಲ್ಲಿ ಅಲ್ಲಿ ನಿಂತರೆ ಕಾವೇರಿ ಅಂದರೆ ಬಂಡೆ, ಮರಳು, ನಡುನಡುವೆ ಒಂದಿಷ್ಟು ನೀರು. ಆಗ ತಾನೇ ಹೊಳೆಯುತ್ತದೆ: ಓಹೋ, ಹೀಗೆ ದಾಟಿದರಾ ಅಂತ. ಇಂಗ್ಲಿಷರ ಹತ್ತಿರ ದವಸ ಮುಗಿಯುತ್ತಾ ಬಂದಿತ್ತು. ಇನ್ನು ಕೆಲವೇ ವಾರಕ್ಕೆ ಮುಂಗಾರು ಹಿಡಿದರೆ ಹೊಳೆ ತುಂಬುತ್ತಿತ್ತು. ತುಂಬಿದ ಹೊಳೆ ದಾಟಿ ಕೋಟೆ ಹತ್ತುವುದು ಆಗದ ಮಾತು. ಟಿಪ್ಪುವಿಗೆ ಬೇಕಾಗಿದ್ದದ್ದು ಮಳೆ. ಅವರಿಗೆ ಬೇಕಾಗಿದ್ದದ್ದು ಮಳೆಗೆ ಮುಂಚಿನ ಒಂದು ದಿನ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ಕಾವಲಿನವರು ಬಿಸಿಲಿಗೆ ಸುಸ್ತಾಗಿರುವ ಹೊತ್ತು ನೋಡಿ ಹೊಳೆಗೆ ಇಳಿದರು. ಗೋಡೆ ಮೇಲೆ ಬಾವುಟ ನೆಡಲು ಹಿಡಿದದ್ದು ಕೆಲವೇ ನಿಮಿಷ. ಸಂಜೆಯೊಳಗೆ ಟಿಪ್ಪು ಸತ್ತಿದ್ದ.

ಮುಂದೆ ನಿಂತು ನುಗ್ಗಿಸಿದ ಅಧಿಕಾರಿ ಡೇವಿಡ್ ಬೇರ್ಡ್. ಇವನು ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಹೈದರ್ ಮತ್ತು ಟಿಪ್ಪುವಿನ ಸೆರೆಯಲ್ಲಿದ್ದವನು. ಈ ಎಳೆಯನ್ನು ಸ್ವಲ್ಪ ನೆನಪಿಡಿ. ಬಂದೀಖಾನೆ, ದರಿಯಾ ದೌಲತ್, ಗುಂಬಜ್ ಮೂರೂ ಕಡೆ ಇದರ ಒಂದೊಂದು ತುಂಡು ಸಿಗುತ್ತದೆ.

ಮಳೆಗಾಲದಲ್ಲೂ ಈ ಜಾಗಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ಆಗ ಕಾಣುವುದು ಟಿಪ್ಪು ಕಾಯುತ್ತಿದ್ದ ಹೊಳೆ. ಎರಡೂ ಕಾಲದಲ್ಲಿ ನೋಡಿದವರಿಗೆ ಯಾವ ಪಾಠ ಪುಸ್ತಕವೂ ಬೇಕಾಗಿಲ್ಲ.

ಕುಂದು ಇಲ್ಲ ಅಂತಲ್ಲ. ನೆರಳು ಕಡಿಮೆ. ತಿನ್ನಲು ಕುಡಿಯಲು ಹತ್ತಿರದಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಗೋಡೆಯ ಅಂಚಿಗೆ ಎಲ್ಲ ಕಡೆ ಕಟಕಟೆ ಇಲ್ಲ, ಓಡಾಡುವ ಮಕ್ಕಳಿದ್ದರೆ ಕೈ ಬಿಡುವ ಹಾಗಿಲ್ಲ. ನಡು ಮಧ್ಯಾಹ್ನ ಬೇಡವೇ ಬೇಡ. ಬೆಳಗ್ಗೆ ಹೋದರೆ ಸೂರ್ಯ ಬೆನ್ನಿಗೆ ಇರುತ್ತಾನೆ, ಹೊಳೆಯ ಫೋಟೋ ಚೆನ್ನಾಗಿ ಬರುತ್ತದೆ. ಸಂಜೆಗೆ ಹೋದರೆ ಎದುರಿಗೇ ಮುಳುಗುತ್ತಾನೆ, ಫೋಟೋ ಬಿಟ್ಟು ಸುಮ್ನೆ ಕೂತು ನೋಡುವುದು ಒಳ್ಳೆಯದು.

ಬಂದೀಖಾನೆ: ಸಣ್ಣದು, ತಂಪು

ರಂಗನಾಥ ದೇವಸ್ಥಾನದಿಂದ ಸ್ವಲ್ಪ ನಡೆದರೆ, ಕೋಟೆಯ ಬಡಗಣ ಗೋಡೆಗೆ ಒತ್ತಿಕೊಂಡು ಕರ್ನಲ್ ಬೇಲಿ ಬಂದೀಖಾನೆ ಇದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಹುಲ್ಲು ಬೆಳೆಸಿದ ಸಣ್ಣ ತೋಟ, ಒಂದಿಷ್ಟು ಮರ, ಅಷ್ಟೇ. ಮೆಟ್ಟಿಲು ಇಳಿದರೆ ಇಟ್ಟಿಗೆ ಗಾರೆಯ ಕಮಾನುಗಳ ಒಂದು ಉದ್ದನೆಯ ತೊಟ್ಟಿ. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ. ಗೋಡೆಯಲ್ಲಿ ತೂತು ಕೊರೆದ ಕಲ್ಲುಚಪ್ಪಡಿಗಳಿವೆ. ಕೈದಿಗಳನ್ನು ಸರಪಳಿಯಲ್ಲಿ ಇದಕ್ಕೇ ಕಟ್ಟುತ್ತಿದ್ದರು ಅಂತ ಹೇಳುತ್ತಾರೆ. ನಡುವೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಹೊತ್ತಿನಲ್ಲಿ ಮೇಲಿನ ಬತೇರಿಯಿಂದ ಚಾವಣಿ ಒಡೆದುಕೊಂಡು ಬಿತ್ತು ಅನ್ನುತ್ತಾರೆ.

ಬಂದೀಖಾನೆಗೆ ಹೆಸರು ಬಂದದ್ದು ಕರ್ನಲ್ ವಿಲಿಯಂ ಬೇಲಿಯಿಂದ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇವನ ಪಡೆಯನ್ನು ಮುರಿದು ಸೆರೆಹಿಡಿದರು. ಬೇರ್ಡ್ ಸೆರೆಯಾದದ್ದೂ ಅದೇ ಕಾಳಗದಲ್ಲಿ. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಬೇರ್ಡ್ ಬದುಕಿ ಹೊರಗೆ ಹೋಗಿ, ಮತ್ತೆ ಬಂದ.

ಕೋಟೆಯ ಮೂಲೆಗೂ ಇದಕ್ಕೂ ಹೋಲಿಸಿದರೆ ಇದು ಸುಖದ ಜಾಗ. ಒಳಗೆ ತಂಪು, ಮೇಲೆ ಹುಲ್ಲಿದೆ, ಟಿಕೆಟ್ಟಿನ ಗೋಜಿಲ್ಲ, ರೈಲ್ವೆ ಸ್ಟೇಷನ್ನಿನಿಂದ ನಡೆದೇ ಬರಬಹುದು. ವಯಸ್ಸಾದವರು ಜೊತೆಗಿದ್ದರೆ, ಅವರು ದೇವಸ್ಥಾನ ಮುಗಿಸಿ ಇಲ್ಲಿ ಮರದ ಕೆಳಗೆ ಕೂತಿರಬಹುದು. ಮಿಕ್ಕವರು ಗೋಡೆ ಕಡೆ ಹೋಗಿ ಹೊಳೆ ನೋಡಿ ಬರಬಹುದು. ಕತ್ತಲ ಕೋಣೆ, ಸರಪಳಿ, ಫಿರಂಗಿ ಅಂದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಆದರೆ ಹೊಳೆ ಪೂರ್ತಿಯಾಗಿ ಕಣ್ಣಿಗೆ ಸಿಗಬೇಕು ಅನ್ನುವವರಿಗೆ ಇದೊಂದೇ ಸಾಲದು. ಮೂಲೆಯ ಕಂಬದ ಜೊತೆ ಸೇರಿಸಿ ನೋಡಿ. ಎರಡಕ್ಕೂ ಸೇರಿ ಒಂದೂವರೆ ಗಂಟೆ ಧಾರಾಳ.

ಇಲ್ಲಿಗೆ ಬಂದವರು ಸ್ಟೇಷನ್ ಬಳಿಯ ಸಿಡಿಮದ್ದಿನ ಮನೆಯನ್ನೂ ಒಂದು ಸಲ ಇಣುಕಿ ನೋಡಬಹುದು. ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿ ಇಟ್ಟರು. ಕೆಡವದೆ ಸರಿಸಿದ್ದು ದೊಡ್ಡ ಮಾತು. ಟಿಪ್ಪುವಿನ ಹೆಣ ಸಿಕ್ಕಿದ ಜಾಗದ ಕಲ್ಲೂ ಕೋಟೆಯೊಳಗೇ ಇದೆ. ಆಟೋದವರು ತಪ್ಪದೆ ನಿಲ್ಲಿಸುತ್ತಾರೆ. ಎರಡು ನಿಮಿಷದ ಕೆಲಸ.

ವೆಲ್ಲೆಸ್ಲಿ ಸೇತುವೆ: ಸಂಜೆಗೆ ಇದೇ

ಹೊಳೆಯ ನಡುವೆ ನಿಂತು ಹೊಳೆ ನೋಡಬೇಕು ಅನ್ನುವವರಿಗೆ ಬೇರೆ ಜಾಗ ಹುಡುಕುವ ಅಗತ್ಯವಿಲ್ಲ. ಬಡಗಣ ಕವಲಿನ ಮೇಲೆ, ಈಗಿನ ರಸ್ತೆ ಸೇತುವೆಯಿಂದ ಬದಿಗೆ, ಹಳೆಯ ಕಲ್ಲು ಸೇತುವೆ ಇದೆ. ಕಟ್ಟಿಸಿದ್ದು 1804ರಲ್ಲಿ, ದಿವಾನ್ ಪೂರ್ಣಯ್ಯ. ನೀರಿನಿಂದ ಸಾಲುಸಾಲಾಗಿ ಎದ್ದ ಕಲ್ಲುಕಂಬ, ಕಂಬದ ತಲೆಯ ಮೇಲೆ ಅಡ್ಡ ಬೋದಿಗೆ, ಅದರ ಮೇಲೆ ಚಪ್ಪಡಿ. ಕಮಾನು ಇಲ್ಲ. ನಮ್ಮ ದೇವಸ್ಥಾನದ ಮಂಟಪವನ್ನೇ ಹೊಳೆಗೆ ಅಡ್ಡಲಾಗಿ ಎಳೆದ ಹಾಗಿದೆ. ಇಂಗ್ಲಿಷ್ ಹೆಸರಿದೆ ಅಂತ ಇಂಗ್ಲಿಷರ ಕೈಕೆಲಸ ಅಂದುಕೊಳ್ಳುವವರು ಹತ್ತಿರ ಹೋಗಿ ಕಂಬಗಳನ್ನು ನೋಡಬೇಕು. ಇದು ಇಲ್ಲಿನ ಕಲ್ಲುಕುಟಿಗರ ಕೈ.

ಹೆಸರಿನದ್ದೂ ಒಂದು ಗೊಂದಲವಿದೆ. ವೆಲ್ಲೆಸ್ಲಿ ಅಂದಕೂಡಲೇ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, ಅಂತ ಗೈಡುಗಳು ಶುರುಮಾಡುತ್ತಾರೆ. ಸೇತುವೆಗೆ ಇಟ್ಟಿರುವುದು ಅವನ ಅಣ್ಣ ಮಾರ್ಕ್ವೆಸ್ ವೆಲ್ಲೆಸ್ಲಿಯ ಹೆಸರು. 1799ರ ಯುದ್ಧ ನಡೆದಾಗ ಗವರ್ನರ್ ಜನರಲ್ ಆಗಿದ್ದವನು ಅವನು. ಪೂರ್ಣಯ್ಯನ ಕಥೆಯೂ ಸಾಮಾನ್ಯದ್ದಲ್ಲ. ಟಿಪ್ಪುವಿನ ಖಜಾನೆ ನೋಡಿಕೊಂಡವನು, ಟಿಪ್ಪು ಸತ್ತ ಮೇಲೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯಲ್ಲಿ ಕೂರಿಸಿದಾಗ ಅದೇ ರಾಜ್ಯಕ್ಕೆ ದಿವಾನನಾದ. ಗೆದ್ದವರ ಹೆಸರನ್ನು ಸೇತುವೆಗೆ ಇಟ್ಟ. ಸೇತುವೆ ಮಾತ್ರ ಊರಿನವರದ್ದಾಗಿ ಉಳಿಯಿತು. ಕನ್ನಂಬಾಡಿ ಕಟ್ಟೆ ಬರುವುದಕ್ಕೂ ಮುಂಚೆ, ಹೊಳೆಗೆ ಯಾವ ತಡೆಯೂ ಇಲ್ಲದ ಕಾಲದಲ್ಲಿ, ನೂರಕ್ಕೂ ಹೆಚ್ಚು ವರ್ಷದ ನೆರೆಯನ್ನು ತಡೆದುಕೊಂಡ ಕಲ್ಲು ಅದು.

ಕಾವೇರಿ ಇಲ್ಲಿ ಮೂಡಣಕ್ಕೆ ಹರಿಯುತ್ತದೆ. ಸೇತುವೆ ಮೇಲೆ ನಿಂತು ನೀರು ಬರುವ ಕಡೆ ಮುಖ ಮಾಡಿದರೆ ಅದು ಪಡುವಣ. ಸಂಜೆ ಐದೂವರೆ ಹೊತ್ತಿಗೆ ಬಂದರೆ ಬೆಳಕು ನೀರಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಕೆಳಗೆ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಾ ಕೂತಿರುತ್ತವೆ. ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮೇಲಕ್ಕೆ, ರಂಗನತಿಟ್ಟಿನ ಕಡೆಗೆ ಹೋಗುತ್ತವೆ. ದುಡ್ಡು ಕೊಡದೆ ಸಿಗುವ ನೋಟ.

ಇಲ್ಲಿಯ ಕಷ್ಟ ಬೇರೆ. ಇದು ತೋಟವಲ್ಲ. ಬೆಂಚಿಲ್ಲ, ಶೌಚಾಲಯವಿಲ್ಲ. ಸೇತುವೆಯ ಬದಿಗೋಡೆ ತಗ್ಗು, ಅದರ ಮೇಲೆ ಹತ್ತಿ ಕೂರುವ ಹುಡುಗರನ್ನು ನೋಡಿ ನೀವೂ ಹತ್ತಬೇಡಿ. ಹೊರಹರಿವು ಜಾಸ್ತಿ ಇರುವ ದಿನ ಇತ್ತ ಕಡೆ ಬರಲೇಬೇಡಿ. ಗಾಲಿಕುರ್ಚಿಯಲ್ಲಿ ಇರುವವರನ್ನು ಕರೆತರುವುದು ಕಷ್ಟ, ಚಪ್ಪಡಿ ಸಮ ಇಲ್ಲ. ಇಬ್ಬರು ಮೂವರು ಗೆಳೆಯರಿಗೆ, ಒಬ್ಬರೇ ಬಂದವರಿಗೆ, ಕ್ಯಾಮೆರಾ ಹಿಡಿದವರಿಗೆ ಇದು ಹೇಳಿ ಮಾಡಿಸಿದ ಜಾಗ. ಸಂಸಾರ ಸಮೇತ ಬುತ್ತಿ ಕಟ್ಟಿಕೊಂಡು ಬಂದವರಿಗೆ ಅಲ್ಲ.

ದರಿಯಾ ದೌಲತ್ತೋ ಗುಂಬಜ್ಜೋ?

ಬುತ್ತಿಯವರಿಗೆ ಈ ಎರಡರಲ್ಲಿ ಒಂದು. ಎರಡೂ ದೊಡ್ಡ ಹೆಸರು, ಎರಡೂ ತೋಟದ ನಡುವಿನ ಕಟ್ಟಡ, ಎರಡರ ಹತ್ತಿರವೂ ಹೊಳೆಯಿದೆ. ಆದರೆ ಹೊಳೆ ನೋಡಲು ಅಂತ ಇವಕ್ಕೆ ಹೋಗುವವರಿಗೆ ನಿರಾಸೆಯೇ. ಇಲ್ಲಿ ಕಟ್ಟಡ ಮುಂದೆ, ಹೊಳೆ ಹಿಂದೆ.

ದರಿಯಾ ದೌಲತ್ ಟಿಪ್ಪುವಿನ ಬೇಸಿಗೆ ಅರಮನೆ, 1784ರದ್ದು. ಹೆಚ್ಚೂಕಡಿಮೆ ಪೂರ್ತಿ ತೇಗದ ಮರ. ನೋಡಬೇಕಾದ್ದು ಪಡುವಣ ಗೋಡೆ. ಪೊಲ್ಲಿಲೂರಿನ ಕಾಳಗ ಗೋಡೆ ತುಂಬ ಬರೆದಿದೆ. ಚೌಕ ಕಟ್ಟಿ ನಿಂತ ಕೆಂಪಂಗಿಯವರು, ಸಿಡಿಯುತ್ತಿರುವ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತ ಬೇಲಿ. ಅದೇ ಬಂದೀಖಾನೆಯ ಬೇಲಿ. ಅದನ್ನು ನೋಡಿ ಇಲ್ಲಿಗೆ ಬಂದವರಿಗೆ ಈ ಮುಖ ಗುರುತು ಸಿಗುತ್ತದೆ, ಅದಕ್ಕೇ ಈ ಕ್ರಮದಲ್ಲಿ ನೋಡುವುದು ಒಳ್ಳೆಯದು ಅಂತ ನಾನು ಹೇಳುವುದು.

ಆ ಚಿತ್ರ ಉಳಿದ ಬಗೆಯೂ ವಿಚಿತ್ರ. ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲಿ ಇದ್ದವನು ಆರ್ಥರ್ ವೆಲ್ಲೆಸ್ಲಿ. ಹಾಳಾಗಿದ್ದ ಚಿತ್ರಗಳನ್ನು ಅವನು ಸರಿಮಾಡಿಸಿದ. ಮುಂದೆ 1855ರ ಹೊತ್ತಿಗೆ ಆಗಿನ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಮತ್ತೆ ಬರೆಸಿದ. ಅಂದರೆ ತಾವು ಸೋತು ಸುಣ್ಣವಾದ ಚಿತ್ರವನ್ನು ಎರಡು ಸಲ ದುಡ್ಡು ಹಾಕಿ ಉಳಿಸಿದವರು ಇಂಗ್ಲಿಷರೇ. ಗೆದ್ದ ಮೇಲೆ ಹಳೆಯ ಸೋಲು ಅಷ್ಟೇನೂ ಚುಚ್ಚುವುದಿಲ್ಲ ಅನ್ನಿಸುತ್ತೆ. ಬಿಸಿಲು ತಾಗದ ಹಾಗೆ ಈಗ ಸುತ್ತಲೂ ಪರದೆ ಇಳಿಬಿಟ್ಟಿದ್ದಾರೆ. ಹೊರಗಿನಿಂದ ಅರಮನೆ ಹಸಿರು ಮುಸುಕು ಹಾಕಿಕೊಂಡಂತೆ ಕಾಣುವುದು ಅದಕ್ಕೇ. ಪುರಾತತ್ವ ಇಲಾಖೆಯ ಟಿಕೆಟ್ ಇದೆ. ಹದಿನೈದರ ಒಳಗಿನ ಮಕ್ಕಳಿಗೆ ಬೇಡ. ಒಳಗೆ ಮ್ಯೂಸಿಯಂ. ಒಳಗಡೆ ಕ್ಯಾಮೆರಾ ತೆಗೆದರೆ ಕಾವಲಿನವರು ಬೈಯುತ್ತಾರೆ.

ಗುಂಬಜ್ ಇದಕ್ಕಿಂತ ಸ್ವಲ್ಪ ಮುಂದೆ, ಗಂಜಾಂ ದಾಟಿ, ದ್ವೀಪದ ಮೂಡಣ ತುದಿಗೆ. ಹೈದರ್ 1782ರಲ್ಲಿ ತೀರಿಕೊಂಡಾಗ ಮೊದಲು ಕೋಲಾರದಲ್ಲಿ ಮಣ್ಣು ಮಾಡಿ, ಆಮೇಲೆ ಇಲ್ಲಿಗೆ ತಂದರು. ಅವನ ಪಕ್ಕದಲ್ಲಿ ಹೆಂಡತಿ ಫಕ್ರುನ್ನಿಸಾ. ಇನ್ನೊಂದು ಪಕ್ಕದಲ್ಲಿ ಮಗ ಟಿಪ್ಪು, ಮೇ 5ರಂದು ಇಲ್ಲಿಗೆ ಬಂದವನು. ಹೊರಗಿನ ಜಗಲಿಯ ಸುತ್ತ 36 ಕಪ್ಪು ಕಲ್ಲಿನ ಕಂಬಗಳು, ಮುಖ ಕಾಣುವಷ್ಟು ನುಣುಪು. ಒಳಗೋಡೆಗೆ ಹುಲಿಪಟ್ಟೆ. ದಂತದ ಕುಸುರಿಯ ಬಾಗಿಲು ಡಾಲ್‌ಹೌಸಿ ಕೊಟ್ಟದ್ದು. ಎಲ್ಲದರಲ್ಲೂ ಈ ಮನುಷ್ಯನ ಕೈ ಇದೆ ನೋಡಿ.

ಈ ತೋಟದ ಹೆಸರು ಲಾಲ್‌ಬಾಗ್. 1792ರ ಮೊದಲ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸ್‌ನ ದಂಡು ಇಲ್ಲೇ ಬೀಡುಬಿಟ್ಟು, ಸಾಲಾಗಿ ಬೆಳೆಸಿದ್ದ ಸೈಪ್ರಸ್ ಮರಗಳನ್ನು ಮುತ್ತಿಗೆ ಕೆಲಸಕ್ಕೆ ಅಂತ ಕಡಿದು ಹಾಕಿತು. ಈಗಿರುವ ಮರಗಳೆಲ್ಲ ಆಮೇಲಿನವು. ಗುಂಬಜ್ ನೋಡಿ ಎಲ್ಲರೂ ಹೊರಟುಬಿಡುತ್ತಾರೆ. ಅದೇ ಆವರಣದ ಹತ್ತಿರ ಬೇಲಿಯ ನೆನಪಿಗೆ ಅವನ ಸೋದರನ ಮಗ 1816ರಲ್ಲಿ ಕಟ್ಟಿಸಿದ ಸಣ್ಣ ಕಟ್ಟಡವೊಂದಿದೆ. ಸೆರೆಹಿಡಿದವನೂ ಸೆರೆಯಾದವನೂ ಕೂಗಳತೆಯಲ್ಲಿ. ಕೇಳಿದರೆ ತೋರಿಸುತ್ತಾರೆ.

ಎರಡರಲ್ಲಿ ಒಂದೇ ಅಂದರೆ? ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿಬಿದ್ದವರು ದರಿಯಾ ದೌಲತ್‌ಗೆ ಹೋಗಿ. ಅಲ್ಲಿ ನೋಡುವುದೆಲ್ಲ ನೆರಳಿನಲ್ಲಿ. ಚಿತ್ರ ಅಂದರೆ ಇಷ್ಟ ಇರುವವರಿಗೂ ಅದೇ. ಮಕ್ಕಳು ಓಡಾಡಬೇಕು, ದೊಡ್ಡವರು ಕೂರಬೇಕು ಅಂದರೆ ಗುಂಬಜ್. ಅದು ಗೋರಿಗಳ ಜಾಗ, ಪಕ್ಕದಲ್ಲೇ ಮಸೀದಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಪ್ರಾರ್ಥನೆ ಮಾಡುವವರ ನಡುವೆ ಗಲಾಟೆ ಬೇಡ. ಹೊಳೆ ಬೇಕು ಅನ್ನಿಸಿದರೆ ಅಲ್ಲಿಂದ ಸ್ವಲ್ಪ ಮುಂದೆ ಸಂಗಮ. ಈ ಲೆಕ್ಕದಲ್ಲಿ ಗುಂಬಜ್ಜಿಗೆ ಒಂದು ಮಾರ್ಕು ಜಾಸ್ತಿ.

ಸಂಗಮ, ಪಶ್ಚಿಮವಾಹಿನಿ, ನಿಮಿಷಾಂಬ

ಇವು ಮೂರೂ ಹೊಳೆದಂಡೆಯೇ, ಆದರೆ ಬೇರೆ ಕೆಲಸದ ದಂಡೆಗಳು. ಸಂಗಮದಲ್ಲಿ ಕಾವೇರಿಯ ಎರಡೂ ಕವಲು ಮತ್ತೆ ಒಂದಾಗುತ್ತವೆ. ನೀರು ಸರಿಯಾಗಿದ್ದರೆ ತೆಪ್ಪದವರು ಇರುತ್ತಾರೆ. ಹತ್ತುವ ಮುಂಚೆ ದುಡ್ಡು ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಇಲ್ಲ ಅಂದರೆ ಹತ್ತಬೇಡಿ. ಬೆಳಗ್ಗೆ ಬೇಗ ಹೋದರೆ ಜಾಗ ನಿಜಕ್ಕೂ ಚೆನ್ನಾಗಿದೆ. ಭಾನುವಾರ ಹನ್ನೊಂದರ ಮೇಲೆ ಹೋದರೆ ಕಾರು ನಿಲ್ಲಿಸಲು ಅರ್ಧ ಗಂಟೆ, ಕಡಲೆಕಾಯಿ ಸಿಪ್ಪೆ ಪ್ಲಾಸ್ಟಿಕ್ಕಿನ ನಡುವೆ ಅರ್ಧ ಗಂಟೆ.

ಸಂಗಮಕ್ಕೂ ಪಶ್ಚಿಮವಾಹಿನಿಗೂ ಜನ ಅಸ್ಥಿ ಬಿಡಲು ಬರುತ್ತಾರೆ, ತರ್ಪಣ ಕೊಡುತ್ತಾರೆ. ಅಮಾವಾಸ್ಯೆ, ಅದರಲ್ಲೂ ಮಹಾಲಯ ಅಮಾವಾಸ್ಯೆ ದಿನ ಸುಮ್ನೆ ಸುತ್ತಾಡಲು ಆ ಕಡೆ ಹೋಗದಿರುವುದು ಒಳ್ಳೆಯದು. ನಮ್ಮ ಪಿಕ್ನಿಕ್ಕು, ಅವರ ದುಃಖ ಒಂದೇ ಮೆಟ್ಟಿಲ ಮೇಲೆ ಬೇಡ, ಅಲ್ವಾ? ಫೋಟೋ ತೆಗೆಯುವವರಂತೂ ಕ್ಯಾಮೆರಾ ಯಾವ ಕಡೆ ತಿರುಗಿದೆ ಅಂತ ನೋಡಿಕೊಳ್ಳಬೇಕು. ನಿಮಿಷಾಂಬ ದೇವಸ್ಥಾನ ಹೊಳೆಗೆ ಮುಖ ಮಾಡಿದೆ, ಮೆಟ್ಟಿಲೂ ಇದೆ. ಆದರೆ ಅದು ಹರಕೆಯವರ ಜಾಗ. ಸಾಲು ಉದ್ದ. ದೇವರಿಗೆ ಹೋಗುವವರು ಹೋಗಲಿ, ಹೊಳೆಗೆ ಅಂತ ಹೋಗುವುದು ಬೇಡ.

ಯಾರಿಗೆ ಯಾವುದು

ಬೆಳಗಿನ ಎರಡು ಮೂರು ಗಂಟೆ ಇದೆ, ಮೈಸೂರಿನಿಂದ ಬರುತ್ತಿದ್ದೀರಿ ಅಂದುಕೊಳ್ಳಿ. ರೈಲಿನಲ್ಲಿ ಬನ್ನಿ. ಸ್ಟೇಷನ್ ಕೋಟೆಯೊಳಗೇ ಇದೆ. ಬಂದೀಖಾನೆ, ಅಲ್ಲಿಂದ ಮೂಲೆಯ ಕಂಬ, ಬಿಸಿಲೇರುವ ಮುಂಚೆ ವಾಪಸ್. ಯಾವ ಗಾಡಿಯೂ ಬೇಡ. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವ ಮುಂಚೆ ಕೇಳಿಕೊಳ್ಳಿ. ಬಸ್ಸೂ ಬೇಕಾದಷ್ಟು. ಮೈಸೂರಿನಿಂದ ಹದಿನೈದು ಕಿಲೋಮೀಟರಿನ ಆಸುಪಾಸು ಅಷ್ಟೇ.

ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ. ಎಕ್ಸ್‌ಪ್ರೆಸ್ ಹೈವೇ ಆದಮೇಲೆ ದಾರಿ ಊರನ್ನು ಬಿಟ್ಟು ಹೊರಗಿನಿಂದಲೇ ಹೋಗುತ್ತದೆ. ಇಳಿಯುವ ದಾರಿ ತಪ್ಪಿದರೆ ಮೈಸೂರಿನ ಹತ್ತಿರ ಹೋಗಿ ತಿರುಗಿಸಿಕೊಂಡು ಬರಬೇಕಾದೀತು. ಮಧ್ಯಾಹ್ನಕ್ಕೆ ತಲುಪುವವರಾದರೆ ದರಿಯಾ ದೌಲತ್ತಿನ ನೆರಳಲ್ಲಿ ಬಿಸಿಲು ಕಳೆದು, ಇಳಿಹೊತ್ತಿಗೆ ವೆಲ್ಲೆಸ್ಲಿ ಸೇತುವೆಗೆ ಬನ್ನಿ. ಮುಂದಿನ ದಾರಿ ಬೆಂಗಳೂರಿನ ಕಡೆಗೇ.

ಅಜ್ಜ ಅಜ್ಜಿ, ಸಣ್ಣ ಮಕ್ಕಳು ಎಲ್ಲ ಇದ್ದರೆ ಗುಂಬಜ್, ಆಮೇಲೆ ಮನಸ್ಸಿದ್ದರೆ ಸಂಗಮ. ಮಂಡಿನೋವಿನವರನ್ನು ಕೋಟೆಗೋಡೆ ಹತ್ತಿಸಬೇಡಿ. ಶಾಲೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳಿಗೆ ನನ್ನ ಸಲಹೆ ಬೇರೆ: ಮೊದಲು ದರಿಯಾ ದೌಲತ್ತಿನಲ್ಲಿ ಬೇಲಿ ಸೋತ ಚಿತ್ರ, ಆಮೇಲೆ ಅವನ ಬಂದೀಖಾನೆ, ಕೊನೆಗೆ ಬೇರ್ಡ್ ಹತ್ತಿ ಬಂದ ಮೂಲೆ. 1780ರಿಂದ 1799ರವರೆಗೆ ಕಾಲ್ನಡಿಗೆಯಲ್ಲೇ ಪಾಠ ಮುಗಿಯುತ್ತದೆ. ಚಿತ್ರದಿಂದ ಬಂದೀಖಾನೆಗೆ ಒಂದೂವರೆ ಎರಡು ಕಿಲೋಮೀಟರ್ ಇದ್ದೀತು, ದೊಡ್ಡ ಮಕ್ಕಳು ನಡೆಯುತ್ತಾರೆ.

ದಸರೆಯ ದಿನಗಳಲ್ಲಿ ಇಲ್ಲೂ ಜಂಬೂಸವಾರಿ ನಡೆಯುತ್ತದೆ. ರಾಜ ಒಡೆಯರ್ 1610ರಲ್ಲಿ ದಸರೆ ಶುರುಮಾಡಿದ್ದು ಈ ಊರಿನಲ್ಲೇ ಅಲ್ವಾ, ಅದರ ನೆನಪಿಗೆ. ಅದನ್ನೇ ನೋಡಲು ಬರುವುದಾದರೆ ಬನ್ನಿ. ಹೊಳೆದಂಡೆಯಲ್ಲಿ ಕೂರಲು ಅಂತಾದರೆ ಆ ವಾರ ಬಿಟ್ಟು ಬೇರೆ ದಿನ ನೋಡಿ.

ಎಲ್ಲ ನೋಡಿ ಮುಗಿಸಿದವರಿಗೆ ಇನ್ನೊಂದು ಜಾಗ ಉಳಿದಿದೆ. ಹಳೆಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲೇ, ಗ್ಯಾರಿಸನ್ ಸ್ಮಶಾನ. ಇಂಗ್ಲಿಷರ ಪರ ಇದ್ದ ಸ್ವಿಸ್ ಸಿಪಾಯಿಗಳ ಡಿ ಮ್ಯೂರಾನ್ ರೆಜಿಮೆಂಟಿನವರೂ, ಅವರ ಹೆಂಡತಿ ಮಕ್ಕಳೂ ಇಲ್ಲಿ ಮಲಗಿದ್ದಾರೆ. ಕಾಡು ಬೆಳೆದು ಹಾಳಾಗಿದ್ದದ್ದನ್ನು ಡಿ ಮ್ಯೂರಾನ್ ಮನೆತನದವರು ನೆರವು ಕೊಟ್ಟು ದುರಸ್ತಿ ಮಾಡಿಸಿದರು. ಗೋರಿಕಲ್ಲುಗಳಲ್ಲಿ ವಯಸ್ಸು ಓದುತ್ತಾ ಹೋದರೆ ಕೂಸುಗಳೂ ಸಿಗುತ್ತವೆ. ಅವರನ್ನು ಕೊಂದದ್ದು ಯುದ್ಧವಲ್ಲ, ಈ ದ್ವೀಪದ ಜ್ವರ. ಕಾಯಿಲೆಗೆ ಹೆದರಿಯೇ ದಂಡು ಇಲ್ಲಿಂದ ಬೆಂಗಳೂರಿಗೆ ಎದ್ದು ಹೋದದ್ದು, ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು. ಬಾಗಿಲು ಹಾಕಿದ್ದರೆ ಹತ್ತಿರದವರನ್ನು ಕೇಳಿ. ಬೆಳಗ್ಗೆ ಹೋಗಿ, ಬೂಟು ಹಾಕಿಕೊಂಡು ಹೋಗಿ. ಮಳೆಗಾಲದಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತದೆ, ಹಾವಿನ ಭಯವಿದೆ.